ಮಾರುತಿ 800: ನಟ್ ಬಂತು, ಲೋವರ್ ಆರ್ಮ್ ಬೋಲ್ಟ್ ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ

ಕಡಲಕರೆ_800

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್. ಅಪ್ಪ ತಗೊಂಡಿದ್ದು. ಕುಂದಾಪುರದಲ್ಲಿ ಸಮುದ್ರದ ಹತ್ತಿರವೇ ಮನೆ. ಕಾರಿಗೆ ಶೆಡ್ ಇಲ್ಲ, ಹಾಗಾಗಿ ಅಡಿಯಲ್ಲಿ ತುಕ್ಕು ಹೇಗಿರಬಹುದು ಅಂತ ನೀವೇ ಊಹಿಸಿ.

ಹಂಪ್ ಹತ್ತಿದಾಗಲೆಲ್ಲ ಮುಂದಿನ ಎಡಗಡೆ ಚಕ್ರದಿಂದ ಟಕ್ ಅಂತ ಶಬ್ದ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು) ಬುಷ್ ಹೋಗಿದೆ. ಹೊಸ ಆರ್ಮ್ ತಂದಿಟ್ಟು ಹದಿನೈದು ದಿನ ಆಯಿತು, ಹಳೆಯದು ಬಿಚ್ಚಲು ಆಗುತ್ತಿಲ್ಲ. ಎರಡು ರಾತ್ರಿ ರಸ್ಟ್ ಸ್ಪ್ರೇ ಹೊಡೆದೆ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆದಾಗ ನಟ್ ಬಂತು. ಬೋಲ್ಟ್ ಮಾತ್ರ ಸ್ವಲ್ಪ ತಿರುಗಿ, ಕೈ ಬಿಟ್ಟ ಕೂಡಲೇ ಸ್ಪ್ರಿಂಗ್ ತರಹ ವಾಪಸ್ ಬರುತ್ತದೆ. ಸುತ್ತಿಗೆಯಲ್ಲಿ ಹೊಡೆದೆ. ಮರೆ (ನಟ್ ತಿರುಗುವ ಸುರುಳಿ ಗೆರೆ) ಇರುವ ತುದಿ ಅಣಬೆಯ ಹಾಗೆ ಅರಳಿತು, ಅಷ್ಟೇ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಗ್ಯಾಸ್ ಕಟ್ಟರ್ ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ?

ಪದ್ಮಿನಿ_ಪ್ರಿಯ

ಗ್ಯಾಸ್‌ನಲ್ಲಿ ಕಾಯಿಸಿ ಸಾರ್. ಕೆಂಪಗಾದರೆ ಎಂಥ ತುಕ್ಕಾದರೂ ಬಿಡುತ್ತದೆ. ಇನ್ನೂ ಬಿಸಿ ಇರುವಾಗಲೇ ಮೇಣದ ಬತ್ತಿ ತಾಗಿಸಿ, ಮೇಣ ಕರಗಿ ಸಂದಿಯೊಳಗೆ ಇಳಿಯುತ್ತದೆ. ನನ್ನ ಫಿಯೆಟ್‌ನಲ್ಲಿ ಎಷ್ಟೋ ನಟ್ ಹೀಗೇ ಬಿಚ್ಚಿದ್ದೇನೆ.

ಲೇತ್_ಮನೆ

ಪದ್ಮಿನಿಯವರು ಹೇಳಿದ್ದು ನಟ್‌ಗೆ ಸರಿ. ಇಲ್ಲಿ ನಟ್ ಆಗಲೇ ಬಂದಿದೆಯಲ್ಲ.

"ವಾಪಸ್ ಬರುತ್ತದೆ" ಅಂದಿರಲ್ಲ, ರೋಗ ಅಲ್ಲೇ ಗೊತ್ತಾಯಿತು. ಬುಷ್ ಅಂದರೆ ಒಳಗೊಂದು ಕಬ್ಬಿಣದ ಸ್ಲೀವ್ (ಕೊಳವೆ), ಅದರ ಸುತ್ತ ರಬ್ಬರ್, ಅದರ ಹೊರಗೆ ಆರ್ಮ್. ಬೋಲ್ಟ್ ಹಾದುಹೋಗುವುದು ಸ್ಲೀವ್ ಒಳಗೆ. ನಿಮ್ಮಲ್ಲಿ ಬೋಲ್ಟೂ ಸ್ಲೀವೂ ತುಕ್ಕು ಹಿಡಿದು ಒಂದೇ ಸರಳಿನ ಹಾಗೆ ಆಗಿವೆ. ನೀವು ಬೋಲ್ಟ್ ತಿರುಗಿಸಿದರೆ ಸ್ಲೀವೂ ಜೊತೆಗೇ ತಿರುಗುತ್ತದೆ, ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಎಳೆಯುತ್ತದೆ. ಸುತ್ತಿಗೆಯ ಏಟನ್ನೂ ಅದೇ ರಬ್ಬರ್ ನುಂಗಿಹಾಕುತ್ತದೆ. ಹತ್ತು ಅಡಿ ಪೈಪ್ ಹಾಕಿದರೂ ಇಷ್ಟೇ.

ಸ್ಪ್ರೇ ಯಾಕೆ ಇಳಿಯಲಿಲ್ಲ? ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಸ್ಲೀವ್ ಒಳಗೆ ಆ ಜಾಗ ಎಲ್ಲಿದೆ? ಉದ್ದಕ್ಕೂ ಬಿಗಿದುಕೊಂಡಿರುತ್ತದೆ, ಎಣ್ಣೆ ಹೋಗಲು ದಾರಿಯೇ ಇರುವುದಿಲ್ಲ.

ಇನ್ನು ಗ್ಯಾಸ್. 10 ಎಂಎಂ ದಪ್ಪದ ಉಕ್ಕು 300 ಡಿಗ್ರಿ ಜಾಸ್ತಿ ಬಿಸಿಯಾದರೆ ಅಡ್ಡಕ್ಕೆ ಹಿಗ್ಗುವುದು ಸುಮಾರು 0.036 ಎಂಎಂ. ನಟ್‌ಗೆ ಅಷ್ಟು ಸಾಕು, ಅದನ್ನೊಂದನ್ನೇ ಕಾಯಿಸಬಹುದು. ಇಲ್ಲಿ ಸ್ಲೀವ್ ಇರುವುದು ರಬ್ಬರ್ ಒಳಗೆ. ಅದು ಕಾಯುವ ಮೊದಲೇ ರಬ್ಬರ್ ಹೊತ್ತಿಕೊಂಡು ಕಪ್ಪು ಹೊಗೆ ಬರುತ್ತದೆ. ಪಕ್ಕದಲ್ಲೇ ಬ್ರೇಕ್ ಹೋಸ್, ಡ್ರೈವ್ ಶಾಫ್ಟ್ ಬೂಟ್. ಮೇಲೆ ಎಂಜಿನ್‌ನಿಂದ ಇಳಿದ ಎಣ್ಣೆ ಜಿಡ್ಡು. ಬೇಡ ಮಾರಾಯ್ರೆ. ಯಾರಾದರೂ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ ಆಮೇಲೆ ಕಾಯಿಸೋಣ ಅಂದರೆ ಅದಂತೂ ಬೇಡವೇ ಬೇಡ. ಕ್ಲೋರಿನ್ ಇರುವ ಕ್ಲೀನರ್ ಬೆಂಕಿಗೆ ಸಿಕ್ಕರೆ ಫಾಸ್ಜೀನ್ ವಿಷಗಾಳಿ ಹುಟ್ಟುತ್ತದೆ.

ಹೊಸ ಆರ್ಮ್ ಇದೆಯಲ್ಲ, ಹಳೇ ಬುಷ್ ಮೇಲೆ ಕರುಣೆ ಯಾಕೆ? ಕತ್ತರಿಸಿ. ಸ್ಲೀವ್ ಎರಡೂ ಕಡೆ ರಬ್ಬರ್‌ಗಿಂತ ಒಂದಿಷ್ಟು ಹೊರಗೆ ಚಾಚಿರುತ್ತದೆ. ಬ್ರ್ಯಾಕೆಟ್‌ಗೂ ರಬ್ಬರ್‌ಗೂ ನಡುವಿನ ಆ ಸಣ್ಣ ಜಾಗದಲ್ಲಿ ಸ್ಲೀವ್ ಸಮೇತ ಬೋಲ್ಟ್ ಕೊಯ್ಯಬೇಕು. ಎರಡು ಕಡೆ ಕೊಯ್ದರೆ ಆರ್ಮ್ ಕೈಗೆ ಬರುತ್ತದೆ. ಬ್ರ್ಯಾಕೆಟ್ ಕಾರಿನದು, ಅದಕ್ಕೆ ಗೀರು ಬೀಳದ ಹಾಗೆ ನೋಡಿಕೊಳ್ಳಿ.

ಕಡಲಕರೆ_800

ಸ್ಪ್ರಿಂಗ್ ತರಹ ಯಾಕೆ ಅಂತ ಈಗ ತಲೆಗೆ ಹೋಯಿತು. ಗ್ರೈಂಡರ್ ಅಲ್ಲಿಗೆ ಹೋಗುವುದಿಲ್ಲ, ನೋಡಿದೆ. ಏನು ಮಾಡಲಿ?

ಲೇತ್_ಮನೆ

ಬರೀ ಹ್ಯಾಕ್ಸಾ ಬ್ಲೇಡ್ ಸಾಕು. ಬೈಮೆಟಲ್, ಇಂಚಿಗೆ 24 ಹಲ್ಲಿನದು ತಗೊಳ್ಳಿ. ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿಯಿರಿ, ಹಲ್ಲು ನಿಮ್ಮ ಕಡೆ ಮುಖ ಮಾಡಿರಲಿ. ಎಳೆಯುವಾಗ ಕೊಯ್ಯಬೇಕು, ತಳ್ಳಿದರೆ ಬ್ಲೇಡ್ ಬಾಗುತ್ತದೆ. ಎರಡು ಹನಿ ಎಣ್ಣೆ ಬಿಡಿ. ಅವಸರ ಮಾಡಬೇಡಿ. ಬಾಡಿಗೆಗೆ ರೆಸಿಪ್ರೊಕೇಟಿಂಗ್ ಸಾ ಸಿಕ್ಕರೆ ಬೇಗ ಮುಗಿಯುತ್ತದೆ.

ಆ ಕಡೆ ಈ ಕಡೆ ಎರಡೂ ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕಿ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ಎರಡೂ ಎತ್ತುವುದಕ್ಕೆ ಇನ್ನೊಂದು ಕಾರಣ ಸ್ಟೆಬಿಲೈಸರ್ ಬಾರ್, ಅಂದರೆ ಎಡ ಬಲ ಎರಡೂ ಆರ್ಮ್ ಸೇರಿಸುವ ಸರಳು. 800ರಲ್ಲಿ ಅದರ ತುದಿ ಆರ್ಮ್ ಒಳಗೇ ತೂರಿರುತ್ತದೆ. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಆರ್ಮನ್ನು ಬಿಡುವುದಿಲ್ಲ.

ಸೊರಬ_ಸವಾರ

ಆರ್ಮ್‌ನ ಇನ್ನೊಂದು ತುದಿಯಲ್ಲಿ, ಚಕ್ರದ ಕಡೆ ಇರುವ ಬಾಲ್ ಜಾಯಿಂಟ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಒದ್ದಾಡಿದ್ದು ಅಲ್ಲಿ. ನಕಲ್‌ನಲ್ಲಿ (ಚಕ್ರ ಕೂರುವ ಲೋಹದ ಭಾಗ) ಬಾಲ್ ಜಾಯಿಂಟ್‌ನ ಸ್ಟಡ್ಡನ್ನು (ಕಡ್ಡಿ) ಒಂದು ಅಡ್ಡ ಬೋಲ್ಟ್ ಬಿಗಿ ಹಿಡಿದಿರುತ್ತದೆ. ಅದನ್ನು ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಸ್ಟಡ್‌ನಲ್ಲಿರುವ ತೋಡಿನಲ್ಲಿ ಅದು ಕೂತಿರುತ್ತದೆ. ಗೊತ್ತಿಲ್ಲದೆ ನಾನು ಒಂದು ಮಧ್ಯಾಹ್ನ ಪೂರ್ತಿ ಸುಮ್ನೆ ಕುಟ್ಟಿದೆ! ಬೋಲ್ಟ್ ತೆಗೆದ ಮೇಲೂ ಬರದಿದ್ದರೆ ನಕಲ್‌ನ ಸೀಳಿಗೆ ಚಪ್ಪಟೆ ಉಳಿ ಇಟ್ಟು ಮೆಲ್ಲಗೆ ಅಗಲ ಮಾಡಿ, ಆರ್ಮನ್ನು ಕೆಳಗೆ ಒತ್ತಿ. ಜಾಸ್ತಿ ಅಗಲ ಮಾಡಿದರೆ ನಕಲ್ ಬಿರುಕು ಬಿಡುತ್ತದೆ.

ಕಡಲಕರೆ_800

ಬಂತು! ಮೂರು ಬ್ಲೇಡ್ ಮುರಿದವು, ಎರಡು ಗಂಟೆ ಹಿಡಿಯಿತು. ನಡುವೆ ಮಳೆ ಬೇರೆ, ಟಾರ್ಪಾಲ್ ಕಟ್ಟಿಕೊಂಡು ಕೊಯ್ದೆ. ಕತ್ತರಿಸಿದ ತುಂಡನ್ನು ವೈಸ್‌ಗೆ ಹಾಕಿ ಹೊಡೆದು ನೋಡಿದೆ, ಬೋಲ್ಟ್ ಈಗಲೂ ಸ್ಲೀವ್ ಬಿಡಲಿಲ್ಲ. ಬಾಲ್ ಜಾಯಿಂಟ್ ಸೊರಬದವರು ಹೇಳಿದ ಹಾಗೇ ಬಂತು. ಬೋಲ್ಟ್ ಹಾರ್ಡ್‌ವೇರ್ ಅಂಗಡಿಯದು ಹಾಕಬಹುದಾ?

ಲೇತ್_ಮನೆ

ಗೇಟಿಗೆ ಹಾಕುವ ಬೋಲ್ಟ್ ಬೇಡ. ಕಂಪನಿ ಬೋಲ್ಟೇ ತಗೊಳ್ಳಿ, ಇದರ ಮೇಲೆ ಚಕ್ರವೇ ನಿಂತಿರುತ್ತದೆ. ಮರೆ ಬಿಟ್ಟು ನಡುವಿನ ನಯವಾದ ಭಾಗಕ್ಕೆ ಚೆನ್ನಾಗಿ ಗ್ರೀಸ್ ಬಳಿಯಿರಿ. ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ಬೈಯದಿರಲಿ.

ಕಾರು ಎತ್ತಿರುವಾಗ ಈ ನಟ್ ಪೂರ್ತಿ ಬಿಗಿ ಮಾಡಬೇಡಿ. ಆರ್ಮ್ ಜೋತು ಬಿದ್ದಿರುವಾಗ ಸ್ಲೀವ್ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ನೆಲಕ್ಕೆ ಇಳಿಸಿ, ಕಾರನ್ನು ಎರಡು ಸಲ ಕುಲುಕಿ, ಆಮೇಲೆ ಬಿಗಿ ಮಾಡಿ. ಅಲೈನ್‌ಮೆಂಟ್ ಕೊನೆಗೆ.

ಕಡಲಕರೆ_800

ಹಾಗೇ ಮಾಡಿದೆ, ಟಕ್ ಶಬ್ದ ಹೋಯಿತು. ಈಗ ಬಲಗಡೆಯ ನಟ್ ಬಿಚ್ಚಿ ನೋಡಿದೆ. ಅಲ್ಲೂ ಬೋಲ್ಟ್ ತಿರುಗಿ ವಾಪಸ್ ಬರುತ್ತಿದೆ. ಈ ಸಲ ಸ್ಪ್ರೇ ತರಲಿಲ್ಲ, ಆರು ಬ್ಲೇಡ್ ತಂದೆ.