ಪದಚರ್ಚೆ: ‘ದೂರು ಪರಿಹಾರ’ ಅಂದರೆ ರೊಕ್ಕವೇ?

ಕೊಪ್ಪಳದಿಂದ ಪ್ರಶ್ನೆ: ಮೊಬೈಲ್ ಗ್ರಾಹಕರು ದೂರು ಕೊಡುವ ಕ್ರಮದ ಬಗ್ಗೆ ಪಂಚಾಯಿತಿ ಗೋಡೆಗೆ ಹಚ್ಚುವ ಪತ್ರ ತಯಾರಾಗುತ್ತಿದೆ. ‘ಟ್ರಾಯ್‌ಗೆ ದೂರು ನೀಡಿ, ಪರಿಹಾರ ಪಡೆಯಿರಿ’ (ಟ್ರಾಯ್ ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಎಂಬ ಸಾಲು ಓದಿದವರು ‘ಎಷ್ಟು ಬರ್ತದ್ರೀ?’ ಅಂತ ಕೇಳುತ್ತಾರೆ. ‘ವಿಲೇವಾರಿ’ ಎಂದು ಬರೆಯಬಹುದೇ?

ರಾಯಚೂರಿನಿಂದ ಉತ್ತರ: ಕೇಳಿದವರ ತಪ್ಪಿಲ್ಲ. ಬೆಳೆ ಪರಿಹಾರ, ಬರ ಪರಿಹಾರ ಕೇಳಿ ಕೇಳಿ ನಮ್ಮ ಕಡೆ ಪರಿಹಾರ ಅಂದರೆ ಖಾತೆಗೆ ಬೀಳುವ ರೊಕ್ಕ. ವಿಲೇವಾರಿ ಬೇಡ, ಕಸಕ್ಕೂ ಕಡತಕ್ಕೂ ಅದೇ ಪದ. ಮೇಜಿನಿಂದ ಕದಲಿದರೆ ವಿಲೇವಾರಿ ಆಯಿತು, ಸಿಗ್ನಲ್ ಬಂತೋ ಬಿಟ್ಟಿತೋ ಯಾರಿಗೆ ಬೇಕು! ‘ಇತ್ಯರ್ಥ’ ಹಾಕಿ. ಅದರಲ್ಲಿ ಎರಡೂ ಕಡೆಯವರು ಇರುತ್ತಾರೆ.

ಆದರೆ ದೊಡ್ಡ ತಪ್ಪು ‘ಟ್ರಾಯ್‌ಗೆ’ ಎಂಬಲ್ಲಿನ ‘ಗೆ’. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ಬಂದದ್ದನ್ನು ಕಂಪನಿಗೇ ಕಳಿಸುತ್ತದೆ. ಅದರ ಕೆಲಸ ನಿಯಮ ಮಾಡುವುದು. 2012ರ ನಿಯಮದ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರಕ್ಕೆ, 198ಕ್ಕೆ ಕರೆ ಮಾಡಬೇಕು. ಡಾಕೆಟ್ ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ. ಇದನ್ನು ಅಳಿಸಿಬಿಟ್ಟು ಆಮೇಲೆ ಪರದಾಡುವವರೇ ಹೆಚ್ಚು, ಹಾಗಾಗಿ ಪತ್ರದಲ್ಲಿ ‘ದೂರು ಸಂಖ್ಯೆ (ಡಾಕೆಟ್ ನಂಬರ್) ಬರೆದಿಟ್ಟುಕೊಳ್ಳಿ’ ಎಂದು ದಪ್ಪಕ್ಷರದಲ್ಲಿ ಇರಲಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ. ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು.

ಬಳ್ಳಾರಿಯಿಂದ: ‘ಮೇಲ್ಮನವಿ’ ಓದಿದವರು ಕೋರ್ಟಿಗೆ ಹೋಗಬೇಕೆಂದು ತಿಳಿದು ವಕೀಲರನ್ನು ಹುಡುಕುತ್ತಾರೆ. ಈ ಮೇಲ್ಮನವಿ ಪ್ರಾಧಿಕಾರವೂ ಕಂಪನಿಯೊಳಗಿನದೇ. ‘ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ’ ಎಂದು ಬಿಡಿಸಿ ಬರೆಯಿರಿ. ‘ತಕರಾರು’ ಬಳಸೋಣ ಎನ್ನುವವರಿಗೆ ಒಂದು ಮಾತು: ಅರಬ್ಬಿ ಮೂಲದಲ್ಲಿ ಅದಕ್ಕೆ ‘ಮತ್ತೆ ಮತ್ತೆ ಹೇಳುವುದು’ ಎಂದರ್ಥ. 198ಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ! ಆದರೆ ಇಲ್ಲಿ ತಕರಾರು ಅಂದರೆ ಪಹಣಿ, ಮ್ಯುಟೇಶನ್ ನೆನಪಾಗುತ್ತದೆ, ಬಿಡೋಣ.

ರೊಕ್ಕದ ಪರಿಹಾರವೇ ಬೇಕಾದರೆ ಜಾಗ ಬೇರೆ, ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ದೂರನ್ನೂ ಅಲ್ಲಿ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಪತ್ರದಲ್ಲಿ ‘ಪರಿಹಾರ’ ಪದ ಆ ಒಂದು ಸಾಲಿನಲ್ಲಿ ಮಾತ್ರ ಉಳಿಯಲಿ. ತಲೆಬರಹಕ್ಕೆ: ‘ಟ್ರಾಯ್ ನಿಯಮದಂತೆ ನಿಮ್ಮ ದೂರು ಇತ್ಯರ್ಥವಾಗುವ ಕ್ರಮ’.