ಕಡಲ ನೀರಿನ ದೀರ್ಘ ಎಕ್ಸ್‌ಪೋಷರ್: ಬಂಡೆಯ ಅಂಚು ಮಸುಕಾಗದಿರಲು ಏನು ಮಾಡಬೇಕು?

ಪ್ರಶ್ನೆ, ಮಂಗಳೂರಿನಿಂದ:
ಸೋಮೇಶ್ವರದ ಕಡಲತೀರದಲ್ಲಿ ಸಂಜೆ ಹೊತ್ತು ಟ್ರೈಪಾಡ್ ಊರಿ, 10 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು, ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಹಾಕಿ, ಷಟರನ್ನು ಹಲವು ಸೆಕೆಂಡು ತೆರೆದಿಟ್ಟು ಚಿತ್ರ ತೆಗೆಯುತ್ತಿದ್ದೇನೆ. ನೀರು ನಯವಾಗಿ ಬರುತ್ತದೆ, ಆದರೆ ಬಂಡೆಗಳ ಅಂಚು ಮಸುಕಾಗಿರುತ್ತದೆ. ಕಂಪ್ಯೂಟರಿನಲ್ಲಿ ಅಂಚನ್ನು ಚುರುಕಾಗಿಸುವ ಶಾರ್ಪನಿಂಗ್ ಹೆಚ್ಚಿಸಿದರೆ ನೀರಿನ ಮೇಲೆ ಕಾಳುಕಾಳಾಗಿ ನಾಯ್ಸ್ ಎದ್ದು ಕಾಣುತ್ತದೆ. ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಕಾಪುವಿನಿಂದ:
ಕಂಪ್ಯೂಟರಿಗಿಂತ ಮೊದಲು ಕಾಲಡಿಯ ಮರಳನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ತೆರೆ ಬಂದು ಹಿಂದಿರುಗುವಾಗ ಟ್ರೈಪಾಡಿನ ಬುಡದ ಮರಳನ್ನೂ ಎಳೆದೊಯ್ಯುತ್ತದೆ. ಎಕ್ಸ್‌ಪೋಷರಿನ ನಡುವೆ ಒಂದು ಕಾಲು ಕೂದಲೆಳೆಯಷ್ಟು ಇಳಿದರೂ ಬಂಡೆಯ ಅಂಚು ಹೋಯಿತೆಂದೇ ಲೆಕ್ಕ, ಹೀಗೆ ಅಲುಗಿ ಕಳೆದುಹೋದ ವಿವರವನ್ನು ಶಾರ್ಪನಿಂಗ್ ಮರಳಿ ತರಲಾರದು. ನಮ್ಮಲ್ಲಿ 1901ರ ದೀಪಸ್ತಂಭದ ಆಸುಪಾಸಿನಲ್ಲಿ ತೆಗೆಯುವಾಗ ನಾನು ಕಾಲುಗಳನ್ನು ಆದಷ್ಟು ಬಂಡೆಯ ಮೇಲೆಯೇ ಊರುತ್ತೇನೆ. ಮರಳೇ ಗತಿಯಾದರೆ ಕಾಲುಗಳನ್ನು ಅಗಲಿಸಿ, ಗಟ್ಟಿ ನೆಲ ತಾಗುವವರೆಗೆ ಒತ್ತಿ, ಎರಡು ಮೂರು ತೆರೆ ಹಾದುಹೋದ ಮೇಲೆ ಷಟರ್ ಒತ್ತುತ್ತೇನೆ. ನಡುಗಂಬವನ್ನು ಎತ್ತುವುದಿಲ್ಲ, ಗಾಳಿಗೆ ಪಟಪಟಿಸುವ ಕ್ಯಾಮೆರಾ ಪಟ್ಟಿಯನ್ನೂ ಬಿಚ್ಚಿಡುತ್ತೇನೆ.

10 ಸ್ಟಾಪಿನ ಫಿಲ್ಟರ್ ಬೆಳಕನ್ನು ಸುಮಾರು 1,000ದಲ್ಲಿ ಒಂದು ಪಾಲಿಗೆ ಇಳಿಸುವುದರಿಂದ ಅದರ ಹಿಂದೆ ಆಟೋಫೋಕಸ್ ತಡವರಿಸುತ್ತದೆ. ಆದ್ದರಿಂದ ಫಿಲ್ಟರ್ ಹಾಕುವ ಮೊದಲೇ ಬಂಡೆಗೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಅನಂತರ ಫಿಲ್ಟರನ್ನು ಮೆಲ್ಲಗೆ ಕೂರಿಸಿ. ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಷನ್ ಆಫ್ ಮಾಡಿ, ರಿಮೋಟ್ ಇಲ್ಲದಿದ್ದರೆ 2 ಸೆಕೆಂಡಿನ ಟೈಮರ್ ಬಳಸಿ. ಹೆಚ್ಚು ಸೆಕೆಂಡು ಸಿಗಲೆಂದು ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿಯನ್ನು) ತೀರಾ ಕಿರಿದಾದ ಎಫ್ 22ಕ್ಕೆ ಒಯ್ಯುವವರಿದ್ದಾರೆ. ಅಷ್ಟು ಕಿರಿದಾದ ಕಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುವುದರಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್ 8ರಿಂದ ಎಫ್ 11ರೊಳಗೆ ಇರುವುದು ಕ್ಷೇಮ.

ಉತ್ತರ, ಮಲ್ಪೆಯಿಂದ:
ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅದರೊಂದಿಗೆ, ನಿಮಗೆ 10 ಸ್ಟಾಪ್ ನಿಜವಾಗಿ ಬೇಕೇ ಎಂದೂ ಯೋಚಿಸಿ. ಫಿಲ್ಟರ್ ಇಲ್ಲದೆ 1/60 ಸೆಕೆಂಡು ಬೇಕಾಗುವ ಬೆಳಕಿನಲ್ಲಿ 6 ಸ್ಟಾಪಿನ ಫಿಲ್ಟರ್ ಹಾಕಿದರೆ ಸುಮಾರು 1 ಸೆಕೆಂಡು ಸಿಗುತ್ತದೆ, 10 ಸ್ಟಾಪಿನದಕ್ಕೆ 17 ಸೆಕೆಂಡು. 17 ಸೆಕೆಂಡಿನಲ್ಲಿ ಹಲವು ತೆರೆಗಳು ಒಂದರ ಮೇಲೊಂದು ಬಿದ್ದು ನೀರಿನ ನಡೆಯೇ ಅಳಿಸಿಹೋಗುತ್ತದೆ. ಅರ್ಧದಿಂದ ಒಂದು ಸೆಕೆಂಡಿನಲ್ಲಾದರೋ, ಬಂಡೆಗೆ ಬಡಿದ ತೆರೆ ಇಳಿಯತೊಡಗುವ ಕ್ಷಣಕ್ಕೆ ಸರಿಯಾಗಿ ಒತ್ತಿದರೆ, ನೊರೆಯ ಬಿಳಿ ಎಳೆಗಳು ಒಂದೊಂದಾಗಿ ಉಳಿಯುತ್ತವೆ. ನನಗೆ ಎರಡನೆಯದೇ ಕಡಲಿನ ಚಿತ್ರ ಎನಿಸುತ್ತದೆ. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿರುವುದರಿಂದ, ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಫಿಲ್ಟರ್ ಇಲ್ಲದೆಯೂ ಅಷ್ಟು ಅವಧಿ ದೊರೆಯುತ್ತದೆ.

ದಟ್ಟ ಫಿಲ್ಟರ್ ಬೇಕೇ ಬೇಕಾಗುವುದು ಸೇಂಟ್ ಮೇರೀಸ್ ದ್ವೀಪದಲ್ಲಿ, ಏಕೆಂದರೆ ಅಲ್ಲಿಂದ ಕತ್ತಲಾಗುವ ಮೊದಲೇ ದೋಣಿಯಲ್ಲಿ ಹಿಂದಿರುಗಬೇಕು, ತೆಗೆಯುವುದೆಲ್ಲ ಬಿಸಿಲಿನಲ್ಲೇ. ಲಾವಾ ತಣಿದು ಕುಗ್ಗುವಾಗ ಬಿರಿದು ಉಂಟಾದ ಅಲ್ಲಿನ ಕಂಬಗಲ್ಲುಗಳ ಅಂಚುಗಳು ನೇರವಾಗಿರುವುದರಿಂದ ಕ್ಯಾಮೆರಾ ಅಲುಗಿದ್ದರೆ ಥಟ್ಟನೆ ತಿಳಿಯುತ್ತದೆ. ಪ್ರತಿ ಚಿತ್ರವನ್ನೂ ಪರದೆಯ ಮೇಲೆ 100 ಶೇಕಡಾಕ್ಕೆ ಹಿಗ್ಗಿಸಿ ಆ ಅಂಚನ್ನು ನೋಡಿದ ಮೇಲೆಯೇ ಜಾಗ ಬದಲಿಸಿ.

ಉತ್ತರ, ಮಣಿಪಾಲದಿಂದ:
ಶಾರ್ಪನಿಂಗ್ ಬಗ್ಗೆ ಬರೆಯುತ್ತೇನೆ. ಅದು ಮಾಡುವ ಕೆಲಸ ಒಂದೇ: ಅಂಚಿನ ಎರಡು ಬದಿಗಳ ನಡುವಿನ ಬೆಳಕಿನ ವ್ಯತ್ಯಾಸವನ್ನು ಹೆಚ್ಚಿಸುವುದು. ನಯವಾದ ನೀರಿನಲ್ಲಿ ಅಂಚೇ ಇಲ್ಲದಿರುವುದರಿಂದ ಅದರ ಕೈಗೆ ಸಿಗುವುದು ಸೆನ್ಸರಿನ ನಾಯ್ಸ್ ಮಾತ್ರ, ನಿಮಗೆ ಕಾಣುತ್ತಿರುವ ಕಾಳುಗಳು ಅವೇ. ಆದ್ದರಿಂದ ನಿಂತ ವಸ್ತುವಿಗೆ ಮಾತ್ರ ಶಾರ್ಪನಿಂಗ್ ಕೊಡಿ, ಹರಿಯುವ ನೀರನ್ನು ಮುಟ್ಟಬೇಡಿ. ಲೈಟ್‌ರೂಮ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಕಡತ) ತೆರೆದು, ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಮಾಸ್ಕಿಂಗ್ ಸ್ಲೈಡರನ್ನು ಬಲಕ್ಕೆ ಸರಿಸಿದರೆ, ಶಾರ್ಪನಿಂಗ್ ತಾಗುವ ಭಾಗ ಬೆಳ್ಳಗೆ, ತಾಗದ ಭಾಗ ಕಪ್ಪಗೆ ಕಾಣುತ್ತದೆ. ನೀರು ಮತ್ತು ಆಕಾಶ ಕಪ್ಪಾಗಿ ಬಂಡೆಯ ಗೆರೆಗಳು ಮಾತ್ರ ಉಳಿಯುವವರೆಗೆ ಸರಿಸಿ. ರೇಡಿಯಸ್ (ಅಂಚಿನ ಸುತ್ತ ಪರಿಣಾಮ ಹರಡುವ ಅಗಲ) 1ರ ಆಸುಪಾಸಿನಲ್ಲಿರಲಿ, ಹೆಚ್ಚಾದರೆ ದಿಗಂತದ ಉದ್ದಕ್ಕೂ ಬಿಳಿ ಗೆರೆ ಏಳುತ್ತದೆ. ಚಿತ್ರವನ್ನು ಕಿರಿದುಗೊಳಿಸಿದ ಮೇಲೆ ಇನ್ನೊಮ್ಮೆ ಹಗುರವಾಗಿ ಶಾರ್ಪನಿಂಗ್ ಕೊಡಬೇಕಾಗುತ್ತದೆ, ಅದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ.

ಸೀತಾ ನದಿಯ ಕೂಡ್ಲು ತೀರ್ಥದಂಥ ಜಲಪಾತದಲ್ಲಿ ನೀರಿನ ಸುತ್ತಲಿನ ಎಲೆಗಳೂ ಅಲುಗುತ್ತವೆ. ಅಲ್ಲಿ ಟ್ರೈಪಾಡನ್ನು ಕದಲಿಸದೆ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನ) ಏರಿಸಿ ಕಡಿಮೆ ಅವಧಿಯ ಇನ್ನೊಂದು ಚಿತ್ರ ತೆಗೆದು, ಎಲೆಗಳನ್ನು ಅದರಿಂದಲೂ ನೀರನ್ನು ದೀರ್ಘ ಅವಧಿಯ ಚಿತ್ರದಿಂದಲೂ ಲೇಯರ್ ಮಾಸ್ಕಿನಲ್ಲಿ, ಎಂದರೆ ಒಂದರ ಮೇಲೊಂದಿಟ್ಟು ಬೇಕಾದ ಭಾಗವಷ್ಟೇ ಕಾಣುವಂತೆ ಮಾಡಿ, ಜೋಡಿಸುತ್ತೇನೆ.

ಉತ್ತರ, ಸುರತ್ಕಲ್‌ನಿಂದ:
ಯಾರೂ ಹೇಳದ ಒಂದು ಕಾರಣವಿದೆ, ಉಪ್ಪು. ತೆರೆ ಬಡಿಯುವಲ್ಲಿ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಫಿಲ್ಟರಿನ ಮೇಲೆ ತೆಳುವಾದ ಉಪ್ಪಿನ ಪೊರೆ ಕಟ್ಟುತ್ತದೆ, ಸೂರ್ಯನಿಗೆ ಎದುರಾಗಿ ತೆಗೆದಾಗ ಇಡೀ ಚಿತ್ರ ಮಂಕಾಗುತ್ತದೆ, ಅದನ್ನೇ ಫೋಕಸಿನ ದೋಷವೆಂದು ತಿಳಿಯುವವರು ಹಲವರು. ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಸಿಹಿನೀರಿನಲ್ಲಿ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಳಿಕ ಒಣಗಿಸಿ. ಮನೆಗೆ ಬಂದ ಮೇಲೆ ಟ್ರೈಪಾಡಿನ ಕಾಲುಗಳನ್ನೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಹಿಡಿಕೆಗಳು ತುಕ್ಕು ಹಿಡಿದು ಸಡಿಲಾಗುತ್ತವೆ. ಮತ್ತೆ, ಮಳೆಗಾಲದಲ್ಲಿ ದಯವಿಟ್ಟು ಸೋಮೇಶ್ವರದ ಬಂಡೆಗಳ ಮೇಲೆ ಹತ್ತಬೇಡಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಫೈಂಡರಿನಲ್ಲಿ ಕಣ್ಣಿಟ್ಟು ನಿಂತವರಿಗೆ ದೊಡ್ಡ ತೆರೆ ಬರುವುದು ತಿಳಿಯುವುದಿಲ್ಲ. ಚಿತ್ರವನ್ನು ದಡದಿಂದಲೇ ಉದ್ದದ ಲೆನ್ಸಿನಲ್ಲಿ ತೆಗೆಯಬಹುದು.