ಕಾಲು ಮುರಿದವನು ಕ್ಲೇಮ್ ಯಾಕೆ ಹಾಕಲಿಲ್ಲ?

ಹಳೇ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ನೋಡೋಣ ಎಂದವನು ನಾನೇ. ತಪ್ಪು ನನ್ನದೇ. ರಾಯರು ಮೂವತ್ತು ವರ್ಷ ವಿಮಾ ಏಜೆಂಟ್ ಆಗಿದ್ದವರು. ಸೀನ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವನು. ಇವರಿಬ್ಬರ ನಡುವೆ ಕೂತು ‘ಡಬಲ್ ಇಂಡೆಮ್ನಿಟಿ’ ನೋಡುವುದೂ ಒಂದೇ, ಅಡುಗೆಭಟ್ಟರ ಪಕ್ಕ ಕೂತು ಮದುವೆ ಊಟ ಮಾಡುವುದೂ ಒಂದೇ. ತುತ್ತು ಗಂಟಲಿಗೆ ಇಳಿಯುವ ಮೊದಲೇ ಉಪ್ಪು ಜಾಸ್ತಿ ಅಂತ ತೀರ್ಪು ಬಂದಿರುತ್ತದೆ.

1944ರ ಸಿನಿಮಾ, ಬಿಲ್ಲಿ ವೈಲ್ಡರ್ ನಿರ್ದೇಶನ. ಲಾಸ್ ಏಂಜಲೀಸ್‌ನ ವಿಮಾ ಏಜೆಂಟ್ ವಾಲ್ಟರ್ ನೆಫ್ ಕಾರಿನ ಪಾಲಿಸಿ ರಿನ್ಯೂ ಮಾಡಿಸಲು ಒಂದು ಮನೆಗೆ ಹೋಗುತ್ತಾನೆ. ಯಜಮಾನ ಮನೆಯಲ್ಲಿಲ್ಲ. ಯಜಮಾನಿ ಫಿಲಿಸ್ ಮೆಟ್ಟಿಲು ಇಳಿದು ಬರುತ್ತಾಳೆ. ಅವಳ ಕಾಲಿನ ಚೈನು ಕಂಡದ್ದೇ ತಡ, ಇವನ ಬುದ್ಧಿ ಕೆಟ್ಟಿತು.

“ಬರೀ ಒಂದು ಕಾಲುಚೈನಿಗಾ?” ಪದ್ಮಕ್ಕ ಚಕ್ಕುಲಿ ತಟ್ಟೆ ಇಡುತ್ತ ಕೇಳಿದರು. “ಅದೂ ಒಂದೇ ಕಾಲಿಗೆ ಹಾಕಿದ್ದಾಳೆ. ನಮ್ಮ ಕಡೆ ಬಂದಿದ್ದರೆ ಆ ಹುಡುಗನ ಗತಿ ಏನಾಗ್ತಿತ್ತೋ!”

“ಮೊದಲ ಭೇಟಿಗೇ ಕಾಲು ನೋಡೋ ಏಜೆಂಟು ಉದ್ಧಾರ ಆಗಲ್ಲ ಕಣೇ. ಫಾರಂ ನೋಡಬೇಕು” ಅಂದರು ರಾಯರು.

ಗಂಡನಿಗೆ ಗೊತ್ತಾಗದ ಹಾಗೆ ಅವನ ಹೆಸರಿನಲ್ಲಿ ಆಕ್ಸಿಡೆಂಟ್ ಪಾಲಿಸಿ ಮಾಡಿಸಬಹುದಾ ಎಂದು ಫಿಲಿಸ್ ಕೇಳುತ್ತಾಳೆ. ನೆಫ್‌ಗೆ ವಾಸನೆ ಹತ್ತುತ್ತದೆ. ಎದ್ದು ಹೊರಟೇಬಿಡುತ್ತಾನೆ. ರಾಯರು ಚಪ್ಪಾಳೆ ತಟ್ಟಿದರು. ಆದರೆ ರಾತ್ರಿ ಅವಳೇ ಅವನ ಮನೆಗೆ ಬಂದಳು. ಚಪ್ಪಾಳೆ ವಾಪಸ್ಸು.

ಮುಂದೆ ಗಂಡನ ಕೈಯಲ್ಲಿ ಕಾರಿನ ಕಾಗದ ಅಂತ ಹೇಳಿ ರುಜು ಹಾಕಿಸುತ್ತಾರೆ. ಪಾಲಿಸಿ 50,000 ಡಾಲರಿನದು. ರೈಲಿನಲ್ಲಿ ಸತ್ತರೆ ಡಬಲ್, ಲಕ್ಷ ಡಾಲರ್. ಸಿನಿಮಾದ ಹೆಸರೇ ಆ ಷರತ್ತು.

“ಓದದೇ ರುಜು ಹಾಕಿದ ನೋಡಿ” ರಾಯರು ತಲೆ ಚಚ್ಚಿಕೊಂಡರು. “ನನ್ನ ಪಾರ್ಟಿಗಳೂ ಹೀಗೇ. ಎಲ್ಲಿ ಹಾಕಲಿ ರಾಯರೇ ಅಂತ ಕೇಳ್ತಾರೆ, ಏನಕ್ಕೆ ಅಂತ ಒಬ್ಬನೂ ಕೇಳಲ್ಲ.”

ಅಷ್ಟರಲ್ಲಿ ಗಂಡನ ಕಾಲು ಮುರಿಯುತ್ತದೆ. ಆದರೂ ಪ್ಲಾನ್ ನಿಲ್ಲುವುದಿಲ್ಲ. ಅವನನ್ನು ಕಾರಿನಲ್ಲೇ ಕೊಂದು, ನೆಫ್ ಅವನ ಊರುಗೋಲು ಹಿಡಿದು ರೈಲು ಹತ್ತುತ್ತಾನೆ. ಹಿಂದಿನಿಂದ ಇಳಿದು, ಹೆಣವನ್ನು ಹಳಿಯ ಮೇಲೆ ಮಲಗಿಸುತ್ತಾರೆ. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ರಾಯರು ರಿಮೋಟ್ ಒತ್ತಿ ನಿಲ್ಲಿಸಿದರು.

“ತಾಳಿ. ಕಾಲು ಮುರಿದಿದೆ ಅಲ್ವಾ? ಆಕ್ಸಿಡೆಂಟ್ ಪಾಲಿಸಿನೂ ಇದೆ ಅಲ್ವಾ? ಮತ್ತೆ ಕಾಲಿಗೆ ಕ್ಲೇಮ್ ಯಾಕೆ ಹಾಕಲಿಲ್ಲ?”

“ರೀ, ಸುಮ್ನೆ ಇರಿ” ಅಂದರು ಪದ್ಮಕ್ಕ.

ಸ್ವಲ್ಪ ಹೊತ್ತಿಗೆ ಕಂಪನಿಯ ಕ್ಲೇಮ್ಸ್ ಮ್ಯಾನೇಜರ್ ಕೀಸ್ ಅದೇ ಪ್ರಶ್ನೆ ಕೇಳಿದ. ಪಾಲಿಸಿ ಇರುವುದೇ ಗಂಡನಿಗೆ ಗೊತ್ತಿಲ್ಲದಿದ್ದರೆ ಹೇಗೆ ಹಾಕುತ್ತಾನೆ? ರಾಯರು ಕುರ್ಚಿಯಿಂದ ಎದ್ದೇ ನಿಂತರು. ಅವತ್ತಿನಿಂದ ರಾಯರಿಗೂ ಕೀಸ್‌ಗೂ ಅಣ್ಣತಮ್ಮಂದಿರ ಲೆಕ್ಕ. ಇದು ಆತ್ಮಹತ್ಯೆ ಎಂದು ವಾದಿಸುವ ಧಣಿಗೆ ಕೀಸ್ ಕೊಡುವ ಉತ್ತರವನ್ನಂತೂ ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆವು. ಗಂಟೆಗೆ 15 ಮೈಲಿ ವೇಗದ ರೈಲಿನ ಹಿಂಬದಿಯಿಂದ ಸಾಯಲು ಹಾರಿದವನು ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿ ಒಬ್ಬನೂ ಇಲ್ಲವಂತೆ.

ಕೀಸ್ ಮದುವೆಯಾಗದ ಕಥೆಯೂ ಮಜವಾಗಿದೆ. ಹುಡುಗಿ ಗೊತ್ತಾಗಿದ್ದಳು. ಅವಳ ಬಗ್ಗೆ ವಿಚಾರಣೆ ಮಾಡಿಸಿದ. ಕೂದಲಿಗೆ ಬಣ್ಣ ಹಚ್ಚುತ್ತಾಳೆ ಎಂಬಲ್ಲಿಂದ ಶುರುವಾಗಿ ಏನೇನೋ ಹೊರಬಿತ್ತು. ಮದುವೆ ನಿಂತಿತು.

“ನಮ್ಮ ಸೋದರತ್ತೆ ಇಷ್ಟು ಕೆಲಸ ಕಾಫಿ ಕುಡಿಯೋದರೊಳಗೆ ಮಾಡ್ತಿದ್ದರು” ಅಂದರು ಪದ್ಮಕ್ಕ.

ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. 1927ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ಸ್ನೈಡರ್ ಎಂಬಾಕೆ, ಒಳಉಡುಪು ಮಾರುತ್ತಿದ್ದ ತನ್ನ ಪ್ರಿಯಕರನ ಜೊತೆ ಸೇರಿ ಗಂಡನನ್ನು ಕೊಂದಳು. ಅಲ್ಲೂ ಡಬಲ್ ದುಡ್ಡಿನ ಪಾಲಿಸಿ ಇತ್ತು. 1928ರ ಜನವರಿಯಲ್ಲಿ ಇಬ್ಬರೂ ವಿದ್ಯುತ್ ಕುರ್ಚಿಗೆ ಹೋದರು. ಈ ಸಿನಿಮಾಕ್ಕೆ ಮೂಲವಾದ ಜೇಮ್ಸ್ ಎಂ. ಕೇನ್ ಕಾದಂಬರಿಗೆ ಬೀಜ ಸಿಕ್ಕಿದ್ದು ಅಲ್ಲಿಂದ.

ಜಗಳ ಶುರುವಾದದ್ದು ಕೊನೆಗೆ. ಫಿಲಿಸ್ ನೆಫ್‌ಗೆ ಒಂದು ಗುಂಡು ಹೊಡೆಯುತ್ತಾಳೆ. ಎರಡನೆಯದು ಹೊಡೆಯಲು ಕೈ ಬರುವುದಿಲ್ಲ. ಈ ಗಳಿಗೆಯವರೆಗೂ ನಿನ್ನನ್ನು ಪ್ರೀತಿಸಿರಲಿಲ್ಲ ಅನ್ನುತ್ತಾಳೆ.

“ಹೊಸ ಪಾಲಿಸಿ ಕೇಳ್ತಿದ್ದಾಳೆ ಅಷ್ಟೇ” ಅಂದರು ರಾಯರು.

“ಅಲ್ಲ ರೀ. ಆ ಒಂದು ಮಾತು ನಿಜ. ಅದಕ್ಕೇ ಅವಳಿಗೇ ಗಾಬರಿ ಆಗಿದೆ” ಅಂದರು ಪದ್ಮಕ್ಕ.

ನೆಫ್ ಮಾತ್ರ ರಾಯರ ಪಕ್ಷ. ಅವಳಿಗೆ ಗುಂಡು ಹೊಡೆದೇಬಿಟ್ಟ. ನನ್ನ ಕೇಳಿದರೆ, ಇಡೀ ಸಿನಿಮಾದಲ್ಲಿ ಲೆಕ್ಕಾಚಾರ ಇಲ್ಲದ ಪ್ರೀತಿ ಇರುವುದು ನೆಫ್ ಮತ್ತು ಕೀಸ್ ನಡುವೆ. ಕೀಸ್ ಜೇಬಿನಲ್ಲಿ ಕಡ್ಡಿಪೊಟ್ಟಣ ಇರುವುದೇ ಇಲ್ಲ. ಅವನ ಚುಟ್ಟಕ್ಕೆ ಯಾವಾಗಲೂ ನೆಫ್, ಉಗುರಿನಲ್ಲೇ ಕಡ್ಡಿ ಗೀರಿ, ಬೆಂಕಿ ಹಚ್ಚುತ್ತಾನೆ. ಕೊನೆಯಲ್ಲಿ ರಕ್ತ ಸುರಿಸಿಕೊಂಡು ಬಿದ್ದ ನೆಫ್‌ನ ಸಿಗರೇಟಿಗೆ ಕೀಸ್ ಹಚ್ಚುತ್ತಾನೆ. ಮೋಸ ಹೋದವನು ಫಿಲಿಸ್‌ಳ ಗಂಡ ಒಬ್ಬನೇ ಅಲ್ಲ.

ಮುಂದಿನ ಭಾನುವಾರ ಫ್ರಿಟ್ಜ್ ಲ್ಯಾಂಗ್‌ನ ‘ಸ್ಕಾರ್ಲೆಟ್ ಸ್ಟ್ರೀಟ್’, 1945. ಇದರ ನಾಯಕ ಕ್ಯಾಷಿಯರ್. ಸೀನನ ಸರದಿ.

“ಅರೆ, ಇವನು ನಮ್ಮ ಕೀಸ್!” ರಾಯರು ಕೂಗಿದರು. ಹೌದು, ಅದೇ ಎಡ್ವರ್ಡ್ ಜಿ. ರಾಬಿನ್ಸನ್. ಹೋದ ವಾರ ಎಲ್ಲರ ಕಳ್ಳತನ ಹಿಡಿದವನು ಈ ವಾರ ತಾನೇ ಹಳ್ಳಕ್ಕೆ ಬಿದ್ದ. ಇಪ್ಪತ್ತೈದು ವರ್ಷದ ಸೇವೆಗೆ ಚಿನ್ನದ ಗಡಿಯಾರ ಸಿಗುತ್ತದೆ.

“ನಂಗೆ ಕೊಟ್ಟದ್ದು ಶಾಲು” ಅಂದ ಸೀನ.

ಕ್ರಿಸ್ ಎಂಬ ಈ ಬಡಪಾಯಿ ಕಿಟ್ಟಿ ಎಂಬ ಹುಡುಗಿಗೆ ಮರುಳಾಗುತ್ತಾನೆ. ಅವಳ ಕಣ್ಣು ಜಾನಿ ಎಂಬ ಪೋಲಿಯ ಮೇಲೆ. ಕ್ರಿಸ್ ಮೊದಲು ಹೆಂಡತಿಯ ಬಾಂಡ್ ಕದ್ದ, ಆಮೇಲೆ ಆಫೀಸಿನ ಕ್ಯಾಷು. ಒಂದು ದೃಶ್ಯದಲ್ಲಿ ಕೂತು ಅವಳ ಕಾಲುಗುರಿಗೆ ಬಣ್ಣ ಹಚ್ಚುತ್ತಾನೆ.

“ಮತ್ತೆ ಕಾಲೇ!” ಅಂದರು ಪದ್ಮಕ್ಕ.

ಸೀನನ ಸಂಕಟ ಬೇರೆ. “ಸಂಜೆ ಟ್ಯಾಲಿ ಮಾಡೋರು ಯಾರೂ ಇಲ್ವಾ? ಹತ್ತು ರೂಪಾಯಿ ಕಡಿಮೆ ಬಂತು ಅಂತ ರಾತ್ರಿ ಎಂಟರವರೆಗೆ ಕೂತಿದ್ದೇನೆ ನಾನು!”

ಹೆಂಡತಿಯ ಸತ್ತುಹೋದ ಮೊದಲ ಗಂಡ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜೀವಂತ ಬಂದು ನಿಂತಾಗ ಎಲ್ಲರೂ ನಕ್ಕೆವು. ಕ್ರಿಸ್‌ಗಂತೂ ಹಬ್ಬ. ಬಿಡುಗಡೆ ಸಿಕ್ಕಿತೆಂದು ಕಿಟ್ಟಿಯ ಹತ್ತಿರ ಓಡಿದ. ಅವಳು ಬಿದ್ದುಬಿದ್ದು ನಕ್ಕಳು. ಐಸ್ ಒಡೆಯುವ ಮೊಳೆಯಿಂದ ಚುಚ್ಚಿ ಕೊಂದ. ಆ ಕೊಲೆಗೆ ವಿದ್ಯುತ್ ಕುರ್ಚಿಗೆ ಹೋದವನು ಜಾನಿ. ಆಗ ಹಾಲಿವುಡ್‌ನಲ್ಲಿ ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕೆಂಬ ಕಟ್ಟಳೆ ಇತ್ತು. ಆದರೆ ಕ್ರಿಸ್‌ನನ್ನು ಯಾವ ಕೋರ್ಟೂ ಹಿಡಿಯುವುದಿಲ್ಲ. ಸತ್ತ ಇಬ್ಬರ ದನಿ ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇರುತ್ತದೆ, ಅಷ್ಟೇ. 1946ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನ್ಸಾರಿನವರು ಸಿನಿಮಾವನ್ನೇ ತಡೆದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕ ಈ ಜಾತಿಯ ಚಿತ್ರಗಳನ್ನು ಫಿಲ್ಮ್ ನುವಾರ್, ಅಂದರೆ ಕಪ್ಪು ಸಿನಿಮಾ, ಎಂದು ಕರೆದ.

ಕಡೆಯಲ್ಲಿ ಕ್ರಿಸ್ ಬರೆದ ಕಿಟ್ಟಿಯ ಚಿತ್ರ 10,000 ಡಾಲರಿಗೆ ಮಾರಾಟವಾಗುತ್ತದೆ, ಅವಳೇ ಬರೆದದ್ದು ಎಂಬ ಹೆಸರಿನಲ್ಲಿ. ಅವನು ಹರಕು ಕೋಟಿನಲ್ಲಿ ಪಕ್ಕದಲ್ಲೇ ಹಾದುಹೋಗುತ್ತಾನೆ. ಸೀನ ಮಾತಾಡಲಿಲ್ಲ. ಚಕ್ಕುಲಿ ಕೈಯಲ್ಲೇ ಉಳಿದಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ರಸ್ತೆಯಲ್ಲಿ ಹೋದ ಆಟೋ ಬೆಳಕಿಗೆ ಕಿಟಕಿ ಸರಳಿನ ನೆರಳು ಸೀನನ ಮುಖದ ಮೇಲೆ ಪಟ್ಟೆಪಟ್ಟೆಯಾಗಿ ಹಾದುಹೋಯಿತು. ಹಾಲಿವುಡ್‌ನವರು ಇದಕ್ಕೆ ಎಷ್ಟು ಖರ್ಚು ಮಾಡುತ್ತಿದ್ದರೋ.

“ನಾನು ದೀಪ ಹಚ್ತೀನಿ” ಅಂತ ಸೀನ ಕಡ್ಡಿಪೊಟ್ಟಣ ತಗೊಂಡ. ನೆಫ್ ಥರ ಹೆಬ್ಬೆರಳ ಉಗುರಿನಲ್ಲಿ ಗೀರಿದ. ಕಡ್ಡಿ ಮುರಿಯಿತು. ಇನ್ನೊಂದು. ಮತ್ತೊಂದು. ನಮ್ಮ ಕಡ್ಡಿ ಪೊಟ್ಟಣದ ಪಕ್ಕಕ್ಕೆ ಉಜ್ಜಿದರೆ ಮಾತ್ರ ಹತ್ತುವುದು.

ಕತ್ತಲಲ್ಲಿ ಪದ್ಮಕ್ಕನ ದನಿ ಬಂತು: “ಎಷ್ಟು ಕಡ್ಡಿ ಹಾಳು ಮಾಡಿದೆಯೋ ಸೀನ? ಟ್ಯಾಲಿ ಮಾಡಿಯೇ ಮನೆಗೆ ಹೋಗು.”